ಕಾಸರಗೋಡಿನ ದಿನಸಿ ಅಂಗಡಿಗಳಿಗೆ ಸಾವಯವ ವಿಭಾಗ: ಬೇಕೇ, ಬೇಕಾದರೆ ಎಷ್ಟು?

ದಿನಸಿ_ಕುಂಬಳೆ ಕೇಳಿದ್ದು:

ಗೊತ್ತಿದ್ದವರು ಸಲಹೆ ಕೊಡಿ. ಒಟ್ಟು ಆರು ಅಂಗಡಿಗಳ ದಿನಸಿ ವ್ಯವಹಾರ, ಕರಾವಳಿ ಬದಿಯಲ್ಲಿ ಮಂಜೇಶ್ವರದಿಂದ ಕಾಸರಗೋಡು ಪೇಟೆವರೆಗೆ, ಒಳಗೆ ಬದಿಯಡ್ಕ, ಮುಳ್ಳೇರಿಯದವರೆಗೆ. ಎರಡು ಅಂಗಡಿ ದೊಡ್ಡವು, ದಿನದ ವ್ಯಾಪಾರ 80 ಸಾವಿರದಿಂದ 1 ಲಕ್ಷ ರೂಪಾಯಿ. ಉಳಿದ ನಾಲ್ಕರಲ್ಲಿ 30–40 ಸಾವಿರ. ಪಾಲುದಾರರ ಮುಂದೆ ಈಗ ಇರುವ ಪ್ರಸ್ತಾಪ ಇದು: ಆರೂ ಕಡೆ ಕಪಾಟಿನ ಹತ್ತನೇ ಒಂದು ಭಾಗವನ್ನು ಸಾವಯವಕ್ಕೆ ಬಿಡುವುದು. ಬೇಳೆ, ಅಕ್ಕಿ, ಬೆಲ್ಲವನ್ನು 50 ಕೆಜಿ ಮೂಟೆಯಲ್ಲಿ ತರಿಸಿ ನಮ್ಮದೇ ಹೆಸರಿನ ಪೊಟ್ಟಣ ಮಾಡುವುದು. ತರಕಾರಿ ಮೈಸೂರು ಕಡೆಯಿಂದ ವಾರಕ್ಕೆ ಎರಡು ಲೋಡು, ಜತೆಗೆ ಊರಿನ ಕೃಷಿಕರಿಂದ ಸಿಕ್ಕಿದಷ್ಟು.

ಕೇಳಬೇಕಾದ್ದು ಮುಖ್ಯವಾಗಿ ನಾಲ್ಕು. ಲಾಭದ ಲೆಕ್ಕ ನಿಜವಾಗಿ ಕೂಡಿ ಬರುತ್ತದಾ? ಸ್ವಂತ ಪೊಟ್ಟಣಕ್ಕೆ ಏನೇನು ಕಾಗದ ಬೇಕು? ಊರಿನ ತರಕಾರಿಗೆ ‘ಸಾವಯವ’ ಎಂದು ಬೋರ್ಡು ಹಾಕಬಹುದಾ? ಮಳೆಗಾಲದಲ್ಲಿ ಹುಳದ ಕಾಟಕ್ಕೆ ಏನು ಮಾಡುವುದು?

ಲೆಕ್ಕಪುಸ್ತಕ ಉತ್ತರಿಸಿದ್ದು:

ಆರರಲ್ಲೂ ಒಟ್ಟಿಗೆ ಬೇಡ. ದೊಡ್ಡ ಎರಡರಲ್ಲಿ ಮಾತ್ರ ಶುರು ಮಾಡಿ, ಅದೂ ಒಂದೇ ಒಂದು ಕಪಾಟು. ಕಾರಣ ಹೇಳುತ್ತೇನೆ.

ಸಾವಯವದಲ್ಲಿ ಲಾಭಾಂಶ ಜಾಸ್ತಿ ಎಂದು ವಿತರಕರು ತೋರಿಸುವ ಲೆಕ್ಕ ಒಂದು ಕೆಜಿಯದ್ದು. ಅಂಗಡಿಗೆ ಬೇಕಾದ್ದು ಒಂದು ವರ್ಷದ್ದು. ಉದಾಹರಣೆಗೆ ಹೀಗೆ ಹಿಡಿಯಿರಿ: ಸಾಮಾನ್ಯ ತೊಗರಿಬೇಳೆ 120ಕ್ಕೆ ಕೊಂಡು 132ಕ್ಕೆ ಮಾರಿದರೆ ಲಾಭ ಕೊಂಡ ಬೆಲೆಯ ಶೇ. 10. ಸಾವಯವದ್ದು 170ಕ್ಕೆ ಕೊಂಡು 215ಕ್ಕೆ ಮಾರಿದರೆ ಶೇ. 26. ನೋಡುವಾಗ ಎರಡನೆಯದೇ ಒಳ್ಳೆಯದು. ಆದರೆ ಸಾಮಾನ್ಯ ಬೇಳೆ ಹದಿನೈದು ದಿನಕ್ಕೊಮ್ಮೆ ಖಾಲಿಯಾಗುತ್ತದೆ, ಅಂದರೆ ಅದೇ ಹಣ ವರ್ಷಕ್ಕೆ 24 ಸಲ ತಿರುಗುತ್ತದೆ. ಬೇಳೆಯಲ್ಲಿ ಹಾಕಿದ 100 ರೂಪಾಯಿ ವರ್ಷಕ್ಕೆ 240 ರೂಪಾಯಿ ದುಡಿಯಿತು. ಸಾವಯವ ಬೇಳೆ ಎರಡು ತಿಂಗಳು ಕಪಾಟಿನಲ್ಲಿ ಕೂತರೆ ವರ್ಷಕ್ಕೆ ಆರೇ ತಿರುಗಾಟ, ದುಡಿಮೆ 159 ರೂಪಾಯಿ. ಅದೇ ತಿಂಗಳಿಗೊಮ್ಮೆ ಖಾಲಿಯಾದರೆ 318. ಎರಡೂ ಸಮವಾಗುವುದು ಒಂಬತ್ತು ತಿರುಗಾಟದ ಹತ್ತಿರ. ಹಾಗಾಗಿ ಈ ದರದಲ್ಲಿ 40 ದಿನದೊಳಗೆ ಖಾಲಿಯಾಗದ ಸಾವಯವ ಸರಕು ಸಾಮಾನ್ಯ ಸರಕಿಗಿಂತ ಕಡಿಮೆ ದುಡಿಯುತ್ತದೆ. ಹುಳ, ಹರಿದ ಪೊಟ್ಟಣ, ಅವಧಿ ಮುಗಿದದ್ದು ಎಲ್ಲ ಕಳೆದರೆ 30 ದಿನವನ್ನೇ ಗಡುವು ಮಾಡಿಕೊಳ್ಳುವುದು ಕ್ಷೇಮ. ನಿಮ್ಮ ನಿಜವಾದ ದರ ಹಾಕಿ ಪ್ರತಿ ಸರಕಿಗೂ ಇದೇ ಲೆಕ್ಕ ಮಾಡಿ. ಕೆಲವು ಸರಕಿಗೆ ಗಡುವು 60 ದಿನವೂ ಬರಬಹುದು, ಕೆಲವಕ್ಕೆ 20.

ಇನ್ನೊಂದು ವಿಷಯವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಾವಯವ ಬೇಳೆ ಕೊಂಡ ಗಿರಾಕಿ ಆ ವಾರ ಸಾಮಾನ್ಯ ಬೇಳೆ ಕೊಳ್ಳುವುದಿಲ್ಲ. ಅವರು ಹೇಗೂ ನಿಮ್ಮಲ್ಲೇ ಕೊಳ್ಳುತ್ತಿದ್ದವರಾದರೆ ನಿಮಗೆ ಹೊಸದಾಗಿ ಸಿಕ್ಕಿದ್ದು 45 ಅಲ್ಲ, 45ರಲ್ಲಿ 12 ಕಳೆದು 33. ಪೂರ್ತಿ 45 ಸಿಗಬೇಕಾದರೆ ಸಾವಯವಕ್ಕಾಗಿ ಈಗ ಮಂಗಳೂರಿಗೆ ಹೋಗುತ್ತಿರುವವರು, ಆನ್‌ಲೈನಿನಲ್ಲಿ ತರಿಸುತ್ತಿರುವವರು ನಿಮ್ಮಲ್ಲಿಗೆ ಬರಬೇಕು. ಅಂಥವರು ಎಷ್ಟು ಮನೆ ಎಂದು ಮೊದಲು ತಿಳಿಯಿರಿ. ಬಿಲ್ಲಿಂಗ್ ಕೌಂಟರಿನಲ್ಲಿ ಎರಡು ವಾರ ಒಂದು ಪುಸ್ತಕ ಇಟ್ಟು, ‘ತಿಂಗಳಿಗೆ ಯಾವ ಸಾವಯವ ಸಾಮಾನು, ಎಷ್ಟು ಕೆಜಿ, ಈಗ ಎಲ್ಲಿಂದ’ ಎಂದು ಬರೆಸಿಕೊಳ್ಳಿ. ‘ಬೇಕಾ’ ಎಂದು ಕೇಳಬೇಡಿ, ಎಲ್ಲರೂ ಬೇಕು ಎಂದೇ ಹೇಳುತ್ತಾರೆ.

ದೊಡ್ಡ ಅಂಗಡಿಗೆ ಕಪಾಟೊಂದರ ಸರಕು 60 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ತಿರುಗಬೇಕಾದರೆ ಸುಮಾರು 75 ಸಾವಿರದ ಮಾರಾಟ, ದಿನಕ್ಕೆ 2,500. ದಿನಕ್ಕೆ 80 ಸಾವಿರದ ಅಂಗಡಿಯಲ್ಲಿ ಅದು ವ್ಯಾಪಾರದ ಶೇ. 3, ಪ್ರಯತ್ನಪಟ್ಟರೆ ಆಗುವ ಮಾತು. 35 ಸಾವಿರದ ಅಂಗಡಿಯಲ್ಲಿ ಅದೇ ಕಪಾಟಿಗೆ ಶೇ. 7 ಬೇಕು, ಅದು ಕಷ್ಟ. ಸಣ್ಣ ನಾಲ್ಕು ಅಂಗಡಿಯಲ್ಲಿ ಸರಕು ಇಡುವ ಬದಲು ಪಟ್ಟಿ ಇಡಿ. ಗಿರಾಕಿ ಇಂದು ಹೇಳಿದರೆ ನಾಳೆ ದೊಡ್ಡ ಅಂಗಡಿಯಿಂದ ಬರುವ ಗಾಡಿಯಲ್ಲಿ ತಲುಪಲಿ.

ಕಾಗದಪತ್ರ_ಪೆರ್ಲ ಉತ್ತರಿಸಿದ್ದು:

ಸ್ವಂತ ಪೊಟ್ಟಣದ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಮೂಟೆ ಸಾವಯವ ಪ್ರಮಾಣಪತ್ರದ್ದೇ ಆಗಿದ್ದರೂ ನೀವು ಅದನ್ನು ಬಿಚ್ಚಿ 1 ಕೆಜಿಗೆ ತುಂಬಿಸಿ ನಿಮ್ಮ ಹೆಸರು ಹಾಕಿದ ಕೂಡಲೇ ಪ್ರಮಾಣಪತ್ರದ ಸರಪಳಿ ಅಲ್ಲಿಗೆ ಕಡಿಯಿತು. ಮುಂದುವರಿಯಬೇಕಾದರೆ ಪೊಟ್ಟಣ ಮಾಡುವ ನಿಮ್ಮ ಜಾಗಕ್ಕೇ ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಅಡಿಯಲ್ಲಿ ಪ್ರಮಾಣೀಕರಣ ಬೇಕು. ಅದಕ್ಕೆ ವರ್ಷವರ್ಷ ತಪಾಸಣೆ, ಒಳಬಂದ ಪ್ರತಿ ಲಾಟಿಗೂ ಟ್ರಾನ್ಸಾಕ್ಷನ್ ಸರ್ಟಿಫಿಕೇಟು (ಆ ಖರೀದಿಗೆಂದೇ ಕೊಡುವ ಪ್ರಮಾಣಪತ್ರ), ಒಳಬಂದ ಕೆಜಿ ಮತ್ತು ಹೊರಹೋದ ಕೆಜಿ ತಾಳೆಯಾಗುವ ದಾಖಲೆ. ಎರಡು ಕಪಾಟಿನ ವ್ಯಾಪಾರಕ್ಕೆ ಇಷ್ಟು ಹೊರೆ ಅಗತ್ಯವಿಲ್ಲ. ಮೂಲ ಪ್ಯಾಕರ್ ಸೀಲು ಮಾಡಿದ ಪೊಟ್ಟಣವನ್ನು ಹಾಗೆಯೇ ಮಾರಿ.

ಕಾನೂನು ಎಲ್ಲಿದೆ ಎಂದರೆ, ಎಫ್‌ಎಸ್‌ಎಸ್‌ಎಐಯ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2017ರ ಸಾವಯವ ಆಹಾರ ನಿಯಮಾವಳಿಯಲ್ಲಿ. ‘ಸಾವಯವ’ ಎಂದು ಮಾರುವ ಸರಕಿಗೆ ಎರಡರಲ್ಲಿ ಒಂದು ವ್ಯವಸ್ಥೆಯ ಪ್ರಮಾಣಪತ್ರ ಇರಬೇಕು: ಕೃಷಿ ರಫ್ತು ಪ್ರಾಧಿಕಾರ ಅಪೆಡಾ ನಡೆಸುವ ಎನ್‌ಪಿಒಪಿ ಅಥವಾ ಕೃಷಿ ಸಚಿವಾಲಯದ ಪಿಜಿಎಸ್-ಇಂಡಿಯಾ. ಪೊಟ್ಟಣದ ಮೇಲೆ ಜೈವಿಕ್ ಭಾರತ್ ಲಾಂಛನ ಇರಬೇಕು. ಮಾರುವವರಿಗೆ ಅದೇ ನಿಯಮಾವಳಿಯಲ್ಲಿ ಒಂದು ಕೆಲಸ ಹೇಳಿದೆ: ಸಾವಯವ ಸರಕನ್ನು ಉಳಿದ ಸರಕಿನಿಂದ ಬೇರೆ ಎಂದು ಸ್ಪಷ್ಟವಾಗಿ ಗೊತ್ತಾಗುವ ಹಾಗೆ ಇಡಬೇಕು. ಒಂದೇ ಕಪಾಟಿನಲ್ಲಿ ಸಾವಯವ ಬೆಲ್ಲದ ಪಕ್ಕ ಸಾಮಾನ್ಯ ಬೆಲ್ಲ ಬೇಡ.

ವಿತರಕರಿಂದ ಸರಕು ಇಳಿಸುವ ಮೊದಲು ಕೇಳಬೇಕಾದ್ದು ಸ್ಕೋಪ್ ಸರ್ಟಿಫಿಕೇಟಿನ ಪ್ರತಿ, ಅಂದರೆ ಯಾರಿಗೆ, ಯಾವ ಸರಕಿಗೆ ಪ್ರಮಾಣೀಕರಣ ಇದೆ ಎಂದು ಹೇಳುವ ಕಾಗದ. ಅದರಲ್ಲಿ ಮೂರು ಕಡೆ ನೋಡಿ. ಅವಧಿಯ ಕೊನೆಯ ದಿನಾಂಕ. ಹೆಸರು ಪೊಟ್ಟಣದ ಮೇಲಿನ ಪ್ಯಾಕರ್‌ನದ್ದೇ ಹೌದಾ ಎಂದು. ಮತ್ತೆ ಹಿಂದೆ ಲಗತ್ತಿಸಿದ ಉತ್ಪನ್ನಗಳ ಪಟ್ಟಿಯಲ್ಲಿ ಆ ಸರಕು ಇದೆಯಾ ಎಂದು. ಮೂರನೆಯದ್ದರಲ್ಲೇ ಹೆಚ್ಚಾಗಿ ಸಿಕ್ಕಿಬೀಳುವುದು. ಅಕ್ಕಿಗೆ, ರಾಗಿಗೆ ಪ್ರಮಾಣಪತ್ರ ಇರುವವರು ಅದೇ ಕಾಗದ ತೋರಿಸಿ ಅರಸಿನ ಪುಡಿಯನ್ನೂ ತಳ್ಳುತ್ತಾರೆ. ಬಿಲ್ಲಿನ ಜತೆಗೆ ಫಾರ್ಮ್ ಇ, ಅಂದರೆ ಆಹಾರ ಸುರಕ್ಷತಾ ಕಾಯ್ದೆ 2006ರ ಪ್ರಕಾರ ಮಾರುವವನು ಕೊಡಬೇಕಾದ ಲಿಖಿತ ಖಾತರಿ ಪಡೆಯಿರಿ, ಬಿಲ್ಲಿನಲ್ಲಿ ಲಾಟ್ ಸಂಖ್ಯೆ ಬರೆಸಿ. ನಾಳೆ ಅಧಿಕಾರಿ ಬಂದು ಪರೀಕ್ಷೆಗೆ ಮಾದರಿ ಎತ್ತಿದರೆ ನಿಮ್ಮ ರಕ್ಷಣೆಗೆ ನಿಲ್ಲುವುದು ಈ ಎರಡು ಕಾಗದ. ತಪ್ಪು ಲೇಬಲಿಗೆ ಅದೇ ಕಾಯ್ದೆಯ ಸೆಕ್ಷನ್ 52ರಲ್ಲಿ 3 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ ಸೆಕ್ಷನ್ 53ರಲ್ಲಿ 10 ಲಕ್ಷದವರೆಗೆ ದಂಡ ಉಂಟು.

ಪಿಜಿಎಸ್ ಸರಕು ಕೊಳ್ಳುವುದಾದರೆ ಇನ್ನೊಂದು ಸೂಕ್ಷ್ಮ. ಕನಿಷ್ಠ ಐವರು ಕೃಷಿಕರ ಗುಂಪು ಪರಸ್ಪರ ತೋಟ ಪರಿಶೀಲಿಸಿ ಕೊಡುವ ಖಾತರಿ ಅದು. ಗುಂಪಿನ ಕೈಯಿಂದ ಸರಕು ಬಿಡಿಯಾಗಿ ಹೊರಟರೆ ಆ ಖಾತರಿ ಮುಂದೆ ಬರುವುದಿಲ್ಲ. ಹಾಗಾಗಿ ಗುಂಪೇ ಸೀಲು ಮಾಡಿ ಗುರುತಿನ ಸಂಖ್ಯೆ ಹಾಕಿದ ಪೊಟ್ಟಣವನ್ನೇ ತೆಗೆದುಕೊಳ್ಳಿ. ‘ಪಿಜಿಎಸ್-ಗ್ರೀನ್’ ಎಂದಿದ್ದರೆ ಆ ಜಮೀನು ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದು ಅರ್ಥ, ಅದನ್ನು ಸಾವಯವದ ಕಪಾಟಿನಲ್ಲಿ ಇಡಬಾರದು. ಈ ಹಂತ ಸಣ್ಣದೇನಲ್ಲ. ಎನ್‌ಪಿಒಪಿಯಲ್ಲಿ ವಾರ್ಷಿಕ ಬೆಳೆಗೆ ಎರಡು ವರ್ಷ, ತೆಂಗು, ಕಂಗು (ಅಡಿಕೆ), ಕಾಳುಮೆಣಸಿನಂಥ ಬಹುವಾರ್ಷಿಕಕ್ಕೆ ಮೂರು ವರ್ಷ.

ಊರಿನ ತರಕಾರಿಯ ಪ್ರಶ್ನೆಗೆ: ಬೋರ್ಡು ಹಾಕಬಾರದು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ಕೃಷಿಕರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇರುವುದು ನಿಜ. ಆದರೆ ಆ ವಿನಾಯಿತಿ ಅವರೇ ನೇರವಾಗಿ ತಿನ್ನುವವರ ಕೈಗೆ ಮಾರುವಾಗ. ಅಂಗಡಿ ನಡುವೆ ಬಂದು ಕೊಂಡು ಮಾರಿದರೆ ಅದು ನೇರ ಮಾರಾಟ ಆಗುವುದಿಲ್ಲ. ‘ಸಾವಯವ’ ಬಿಟ್ಟು ‘ವಿಷರಹಿತ’ ಎಂದು ಬರೆದರೆ ತಪ್ಪಿಸಿಕೊಳ್ಳಬಹುದು ಎಂದು ಕೆಲವರು ಎಣಿಸುತ್ತಾರೆ. ಅದು ಇನ್ನೂ ದೊಡ್ಡ ಮಾತು, ಪ್ರತಿ ಲೋಡಿಗೂ ಪರೀಕ್ಷಾ ವರದಿ ಇಲ್ಲದೆ ಹೇಳುವ ಹಾಗಿಲ್ಲ. ‘ನೈಸರ್ಗಿಕ’, ‘ಶುದ್ಧ’ ಎಂಬ ಪದಗಳಿಗೂ 2018ರ ಜಾಹೀರಾತು ನಿಯಮಾವಳಿಯಲ್ಲಿ ಷರತ್ತು ಇವೆ. ‘ಊರಿನ ತರಕಾರಿ — ಬಾಯಾರು, ಇಂದು ಬೆಳಗ್ಗೆ ಕೊಯ್ದದ್ದು’ ಎಂದು ಬರೆಯಿರಿ. ಸತ್ಯವಾದ ಮಾತು, ಗಿರಾಕಿಗೂ ಅದೇ ಬೇಕಾದ್ದು.

ನಿಜವಾಗಿ ಸಾವಯವ ಬೆಳೆಸುವ ಸಣ್ಣ ಕೃಷಿಕರು ಗೊತ್ತಿದ್ದರೆ ಅಂಗಡಿಯ ಜಗಲಿಯಲ್ಲೋ ಅಂಗಳದಲ್ಲೋ ವಾರಕ್ಕೊಮ್ಮೆ ಅವರಿಗೇ ಜಾಗ ಬಿಟ್ಟುಕೊಡಿ. ಅವರ ತಕ್ಕಡಿ, ಅವರ ಹಣ, ಅವರ ಮಾತು. ನಿಮ್ಮ ಬಿಲ್ಲಿನಲ್ಲಿ ಅದು ಬರಬಾರದು. ವಿನಾಯಿತಿ ಅವರಿಗೆ ಉಳಿಯುತ್ತದೆ, ಆ ದಿನ ಬಂದ ಗಿರಾಕಿ ಉಳಿದ ದಿನಸಿ ನಿಮ್ಮಲ್ಲಿ ಕೊಳ್ಳುತ್ತಾರೆ. ಜೈವಿಕ್ ಭಾರತ್ ಲಾಂಛನ ಮಾತ್ರ ಅವರೂ ಹಾಕುವಂತಿಲ್ಲ.

ಮುಳ್ಳೇರಿಯ_ಪೇಟೆ ಉತ್ತರಿಸಿದ್ದು:

ಇಷ್ಟೆಲ್ಲ ಹೆದರಬೇಕಾ ಮಾರಾಯ್ರೆ? ಕಾಸರಗೋಡನ್ನು 2012ರಲ್ಲೇ ಸರಕಾರ ಸಾವಯವ ಜಿಲ್ಲೆ ಎಂದು ಘೋಷಿಸಿದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಊರಿದು, ವಿಷದ ವಿಚಾರ ಇಲ್ಲಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇ ಮುಂದಿಟ್ಟು ಪ್ರಚಾರ ಮಾಡಿದರೆ ಆರೂ ಅಂಗಡಿಯಲ್ಲಿ ಮಾರಾಟ ಆಗುತ್ತದೆ.

ಕಾಗದಪತ್ರ_ಪೆರ್ಲ ಉತ್ತರಿಸಿದ್ದು:

ಜಿಲ್ಲೆಯ ಘೋಷಣೆ ಒಂದು ನೀತಿ. ಯಾವ ಒಂದು ತೋಟದ ಯಾವ ಒಂದು ಬೆಳೆಗೂ ಅದು ಪ್ರಮಾಣಪತ್ರ ಅಲ್ಲ. ಅಧಿಕಾರಿ ಬಂದು ಕೇಳುವಾಗ ಅದನ್ನು ತೋರಿಸಿ ಪ್ರಯೋಜನ ಇಲ್ಲ. ಗೊಬ್ಬರದ ಅಂಗಡಿಗಳಲ್ಲಿ ಯೂರಿಯಾ ಇಂದಿಗೂ ಮಾರಾಟವಾಗುತ್ತದೆ.

ಎರಡನೆಯ ಮಾತಿಗೆ ನನ್ನ ವಿರೋಧ ಗಟ್ಟಿಯಾಗಿಯೇ ಇದೆ. ಎಣ್ಮಕಜೆ ಸುತ್ತಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದರ ಫಲ ಅನುಭವಿಸುತ್ತಿರುವ ಮನೆಗಳು ಈಗಲೂ ನಮ್ಮ ಆಸುಪಾಸಿನಲ್ಲೇ ಇವೆ. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ ಮೇಲೂ ಅವರ ಔಷಧ, ಪಿಂಚಣಿ, ಪರಿಹಾರದ ಓಡಾಟ ಮುಗಿದಿಲ್ಲ. ಆ ಸಂಕಟವನ್ನು ಬೆಲ್ಲದ ಪೊಟ್ಟಣ ಮಾರಲು ಬಳಸಬಾರದು. ಇಲ್ಲಿಯವರಿಗೆ ವಿಷದ ವಿಚಾರ ಗೊತ್ತು ಎಂಬುದು ನಿಜ. ಅದಕ್ಕೇ ಇಲ್ಲಿ ‘ಸಾವಯವ’ ಎಂದು ಸುಳ್ಳು ಬರೆಯುವುದು ಬೇರೆ ಕಡೆಗಿಂತ ದೊಡ್ಡ ತಪ್ಪು.

ಗೋದಾಮು_ಉಪ್ಪಳ ಉತ್ತರಿಸಿದ್ದು:

ಹುಳದ ಬಗ್ಗೆ ಬರೆಯುತ್ತೇನೆ. ಸಾವಯವ ದಿನಸಿ ನಮ್ಮ ಕರಾವಳಿಯಲ್ಲಿ ಸೋಲುವುದು ಹೆಚ್ಚಾಗಿ ಬೆಲೆಯಿಂದ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಿಂದ.

ಅಕ್ಕಿಯ ಹುಳ ಮೊಟ್ಟೆಯಿಂದ ಹುಳವಾಗಿ ಹೊರಬರಲು ನಮ್ಮ ಸೆಕೆ, ತೇವದಲ್ಲಿ ಸುಮಾರು 30–35 ದಿನ ಸಾಕು. ಕಾಳಿನ ಹುಳಕ್ಕೆ, ಅಂದರೆ ಹೆಸರು, ಅಲಸಂಡೆ, ಕಡಲೆಯಲ್ಲಿ ದುಂಡಗೆ ತೂತು ಮಾಡುವ ಹುಳಕ್ಕೆ, 25–30 ದಿನ. ಮೊಟ್ಟೆ ಹೆಚ್ಚಾಗಿ ಗದ್ದೆ ಅಥವಾ ಗೋದಾಮಿನಲ್ಲೇ ಕಾಳಿಗೆ ಹತ್ತಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಗಡಿಗೆ ಬಂದ ದಿನ ಸರಕು ಚೆನ್ನಾಗಿಯೇ ಇರುತ್ತದೆ, ತಿಂಗಳು ಕಳೆದಾಗ ಪೊಟ್ಟಣದೊಳಗೆ ಹುಳ ಓಡಾಡುತ್ತದೆ. ಮೇಲೆ ಲೆಕ್ಕದವರು ಹೇಳಿದ 30 ದಿನದ ಗಡುವು ಹುಳದ ಲೆಕ್ಕಕ್ಕೂ ಸರಿಹೊಂದುತ್ತದೆ.

ಸಾಮಾನ್ಯ ಗೋದಾಮಿನಲ್ಲಿ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಸಾವಯವಕ್ಕೆ ನಿಷಿದ್ಧ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ಬಳಸುವುದೇ ಜೀವಕ್ಕೆ ಅಪಾಯ, ಸಾವಯವ ಇರಲಿ ಇಲ್ಲದಿರಲಿ. ಉಳಿದ ದಾರಿ ಎರಡು.

ಒಂದು, ವ್ಯಾಕ್ಯೂಮ್ ಮಾಡಿದ ಪೊಟ್ಟಣವನ್ನೇ ತರಿಸುವುದು. ಪೊಟ್ಟಣ ಬರೇ ಪ್ಲಾಸ್ಟಿಕ್ ಅಲ್ಲ, ನೈಲಾನ್ ಪದರ ಇರುವ ದಪ್ಪ ಹಾಳೆ ಆಗಬೇಕು. ತೆಳ್ಳಗಿನದ್ದಾದರೆ ಅಕ್ಕಿಯ ಮೊನೆ ಚುಚ್ಚಿ ಸಾಗಾಟದಲ್ಲೇ ಗಾಳಿ ಹೋಗುತ್ತದೆ. ಇಳಿಸುವಾಗ ಪ್ರತಿ ಪೆಟ್ಟಿಗೆಯಿಂದ ಎರಡು ಪೊಟ್ಟಣ ಒತ್ತಿ ನೋಡಿ, ಇಟ್ಟಿಗೆಯಂತೆ ಗಟ್ಟಿ ಇರಬೇಕು. ಸಡಿಲವಾದದ್ದನ್ನು ಅಲ್ಲೇ ಹಿಂದೆ ಕಳಿಸಿ. ಆಮ್ಲಜನಕ ಹೀರುವ ಸಣ್ಣ ಚೀಟು ಹಾಕಿದ ಪೊಟ್ಟಣವಾದರೆ ಅಳತೆ ಕೇಳಿ. 1 ಕೆಜಿ ಅಕ್ಕಿಯ ಪೊಟ್ಟಣದಲ್ಲಿ ಕಾಳಿನ ಸಂದಿನ ಗಾಳಿ 400–500 ಮಿಲಿ, ಅದರಲ್ಲಿ ಆಮ್ಲಜನಕ ಸುಮಾರು 100 ಮಿಲಿ. 100 ಸಿಸಿಯ (ಸಿಸಿ ಎಂದರೆ ಮಿಲಿಯೇ) ಚೀಟು ಅಂಚಿನಲ್ಲೇ ನಿಲ್ಲುತ್ತದೆ, 200 ಸಿಸಿಯದ್ದು ಸುರಕ್ಷಿತ.

ಇನ್ನೊಂದು, ಡೀಪ್ ಫ್ರೀಜರ್. ಬೇಳೆ, ಕಾಳು, ಸಿರಿಧಾನ್ಯದ 1 ಕೆಜಿ ಪೊಟ್ಟಣಗಳನ್ನು ಬಂದ ಕೂಡಲೇ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಒಂದು ದಿನ ಕೋಣೆಯಲ್ಲಿ ಬಿಡಬೇಕು. ತಣ್ಣಗಿರುವಾಗ ಬಿಚ್ಚಿದರೆ ಕಾಳಿನ ಮೇಲೆ ನೀರು ಹನಿಗಟ್ಟಿ ಬೂಷ್ಟು ಬರುತ್ತದೆ. ಫ್ರೀಜರಿನಲ್ಲಿ ಒತ್ತೊತ್ತಾಗಿ ತುಂಬಬೇಡಿ, ನಡುವಿನ ಪೊಟ್ಟಣಕ್ಕೆ ತಂಪು ತಲುಪುವುದಿಲ್ಲ.

ಸರಕಿನ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪಾಲಿಶ್ ಮಾಡದ ಬೆಳ್ತಿಗೆ ಅಕ್ಕಿಯ ತೌಡಿನಲ್ಲಿರುವ ಎಣ್ಣೆ ಬೇಗ ಕನರುತ್ತದೆ. ಕುಚ್ಚಲಕ್ಕಿಯಲ್ಲಿ ಬೇಯಿಸುವಾಗಲೇ ಆ ಎಣ್ಣೆಯನ್ನು ಕೆಡಿಸುವ ಕಿಣ್ವ ಸಾಯುವುದರಿಂದ ಅದು ಹೆಚ್ಚು ಬಾಳುತ್ತದೆ. ನಮ್ಮ ಕಡೆ ಊಟಕ್ಕೆ ಬೇಕಾದ್ದೂ ಅದೇ, ಹಾಗಾಗಿ ಅಕ್ಕಿಯಲ್ಲಿ ಕುಚ್ಚಲಕ್ಕಿಯಿಂದಲೇ ಶುರು ಮಾಡಿ. ತೇವಾಂಶ ಶೇ. 13ರ ಒಳಗೆ ಇರಲಿ, ಸಣ್ಣ ತೇವಾಂಶ ಮಾಪಕ ಒಂದು ಕೊಂಡಿಟ್ಟರೆ ವಾದವೇ ಬರುವುದಿಲ್ಲ. ಸಜ್ಜೆ ಹಿಟ್ಟು ವಾರಗಳಲ್ಲೇ ಕಹಿಯಾಗುತ್ತದೆ, ಹಿಟ್ಟು ಬಿಟ್ಟು ಧಾನ್ಯ ಇಡಿ. ತೆಂಗಿನೆಣ್ಣೆಗೆ ಕೊಬ್ಬರಿ ಶೇ. 6ರ ತೇವಾಂಶಕ್ಕೆ ಒಣಗಿರಬೇಕು, ಮತ್ತು ಗಂಧಕದ ಹೊಗೆ ಹಾಕಿದ ಕೊಬ್ಬರಿ ಆಗಿರಬಾರದು. ಗಾಣದಿಂದ ಡಬ್ಬದಲ್ಲಿ ತಂದು ಬಿಡಿಯಾಗಿ ಅಳೆದು ಕೊಡುವ ಯೋಚನೆ ಇದ್ದರೆ ಬೇಡ, ಅಡುಗೆ ಎಣ್ಣೆಯ ಬಿಡಿ ಮಾರಾಟಕ್ಕೆ ನಿರ್ಬಂಧ ಇದೆ.

ಬೆಲ್ಲದ ಬಗ್ಗೆ ಪ್ರತ್ಯೇಕ ಜಾಗ್ರತೆ ಬೇಕು. ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕದ ಬೆಲ್ಲ ಕಪ್ಪು ಬಣ್ಣದ್ದು, ಮಳೆಗಾಲದಲ್ಲಿ ಗಾಳಿಯ ನೀರು ಹೀರಿ ಜಿನುಗುತ್ತದೆ. ಗಿರಾಕಿ ಕಲಬೆರಕೆ ಎಂದು ಹಿಂದೆ ತರುತ್ತಾರೆ. ಆ ನಾಲ್ಕು ತಿಂಗಳು 500 ಗ್ರಾಂ ಸೀಲು ಪೊಟ್ಟಣ ಮಾತ್ರ, ಹದಿನೈದು ದಿನಕ್ಕೆ ಬೇಕಾದಷ್ಟೇ ತರಿಸಿ. ಬಣ್ಣ ಯಾಕೆ ಕಪ್ಪು ಎಂದು ಕಪಾಟಿನ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ಎರಡು ಸಾಲು ಬರೆದು ಅಂಟಿಸಿ.

ದಿನಸಿ_ಕುಂಬಳೆ ಕೇಳಿದ್ದು:

ತುಂಬ ಉಪಕಾರವಾಯಿತು. ಸ್ವಂತ ಪೊಟ್ಟಣ ಕೈಬಿಡುವ ಹಾಗೆ ಪಾಲುದಾರರಿಗೆ ಹೇಳುತ್ತೇನೆ. ತರಕಾರಿಯದ್ದು ಮಾತ್ರ ಉಳಿಯಿತು. ಮೈಸೂರು ಕಡೆಯ ವಿತರಕರು ಪ್ರಮಾಣಪತ್ರ ತೋರಿಸುತ್ತಿದ್ದಾರೆ, ಕೆಜಿಗೆ ಸರಾಸರಿ 40ಕ್ಕೆ ಕೊಟ್ಟರೆ 56ಕ್ಕೆ ಮಾರಬಹುದು ಎಂಬ ಅಂದಾಜು. ಇದು ಹೇಗೆ?

ತೋಟ_ಬಾಯಾರು ಉತ್ತರಿಸಿದ್ದು:

100 ಕೆಜಿ ತಂದರೆ ಖರ್ಚು 4,000. ಶೇ. 20 ಹಾಳಾದರೆ 80 ಕೆಜಿಯಿಂದ 4,480 ಬಂತು, ಉಳಿದದ್ದು 480. ಶೇ. 30 ಹಾಳಾದರೆ 3,920, ಕೈಯಿಂದ 80 ಹೋಯಿತು. ಕೆಲಸದವರ ಸಂಬಳ, ಕರೆಂಟು ಇದರಲ್ಲಿ ಸೇರಿಲ್ಲ. ಬೆಲೆ ಜಾಸ್ತಿ ಇರುವ ತರಕಾರಿ ನಿಧಾನ ಹೋಗುತ್ತದೆ, ನಿಧಾನ ಹೋದದ್ದು ಬಾಡುತ್ತದೆ. ಮೊದಲ ತಿಂಗಳುಗಳಲ್ಲಿ ಶೇ. 30 ಹಾಳಾಗುವುದು ಏನೂ ಅತಿಶಯವಲ್ಲ. ಅದರ ಮೇಲೆ ಲೋಡು ಬರಬೇಕಾದ್ದು ಮಡಿಕೇರಿ–ಸಂಪಾಜೆ ಘಾಟಿ ಇಳಿದು ಸುಳ್ಯ, ಜಾಲ್ಸೂರು ದಾರಿಯಲ್ಲಿ. 2018ರಲ್ಲಿ ಭೂಕುಸಿತವಾಗಿ ಆ ದಾರಿ ಮುಚ್ಚಿದ್ದು ನೆನಪಿರಬಹುದು. ಮಳೆಗಾಲದಲ್ಲಿ ವಾರಕ್ಕೆ ಎರಡು ಲೋಡು ಎಂದು ಗಿರಾಕಿಗೆ ಮಾತು ಕೊಡುವ ಧೈರ್ಯ ಮಾಡಬೇಡಿ.

ನನ್ನ ಸಲಹೆ: ಸೊಪ್ಪು, ಟೊಮೆಟೊ, ಬೀನ್ಸ್, ಹೂಕೋಸು ಎಲ್ಲ ಮುಂಗಡ ಬೇಡಿಕೆಗೆ ಮಾತ್ರ. ಭಾನುವಾರ ಮತ್ತು ಬುಧವಾರ ಸಂಜೆ 6 ಗಂಟೆಯೊಳಗೆ ವಾಟ್ಸಾಪಿನಲ್ಲಿ ಪಟ್ಟಿ, ಮಂಗಳವಾರ ಮತ್ತು ಶುಕ್ರವಾರ ಅಂಗಡಿಯಲ್ಲಿ ಚೀಲ ಸಿದ್ಧ. ಬಂದ ಬೇಡಿಕೆಗಿಂತ ಶೇ. 10 ಮಾತ್ರ ಹೆಚ್ಚು ತರಿಸಿ. ಒಂದು ಲೋಡಿಗೆ 40 ಮನೆಯಾದರೂ ಇಲ್ಲದಿದ್ದರೆ ಸಾಗಾಟದ ಖರ್ಚೇ ನುಂಗುತ್ತದೆ, ಅಲ್ಲಿಯವರೆಗೆ ಶುರು ಮಾಡಬೇಡಿ. ಆ ಚೀಲದ ತರಕಾರಿಯೂ ಪ್ಯಾಕರ್‌ನ ಸೀಲು, ಲಾಂಛನದೊಂದಿಗೇ ಬರಬೇಕು ಎಂಬುದನ್ನು ಮರೆಯಬೇಡಿ. ಬುಟ್ಟಿಯಲ್ಲಿ ಬಿಡಿಯಾಗಿ ಬಂದದ್ದಕ್ಕೆ ಸಾವಯವ ಎನ್ನಲು ಆಧಾರ ಉಳಿಯುವುದಿಲ್ಲ.

ಕಪಾಟಿನಲ್ಲಿ ದಿನವೂ ಇಡುವುದಾದರೆ ನಮ್ಮ ಊರಿನ ಬಾಳುವ ತರಕಾರಿಗಳನ್ನೇ ಆರಿಸಿ. ಮಂಗಳೂರು ಸೌತೆ, ಬೂದುಗುಂಬಳ, ಚೀನಿಕಾಯಿ ಇವನ್ನು ತೊಟ್ಟು ಸಮೇತ ಕೊಯ್ದು, ಗಾಯ ಆಗದಂತೆ ತಂದು, ಒಂದರ ಮೇಲೊಂದು ಹೇರದೆ ಗಾಳಿಯಾಡುವ ಕಡೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತವೆ. ಮನೆಯಲ್ಲಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗು ಹಾಕುತ್ತಿದ್ದುದರ ಕಾರಣವೂ ಇದೇ. ನೆಲದ ತೇವ ತಾಗಬಾರದು, ತೊಟ್ಟು ಮುರಿಯಬಾರದು. ತೊಟ್ಟು ಮುರಿದ ಜಾಗದಿಂದಲೇ ಕೊಳೆಯಲು ತೊಡಗುವುದು. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಮಣ್ಣು ಕೆದರಿ ನೆರಳಲ್ಲಿ ಒಣಗಿಸಿದರೆ ಸಾಕು, ತೊಳೆಯಬಾರದು. ನೇಂದ್ರ ಬಾಳೆಕಾಯಿ ವಾರ ಇರುತ್ತದೆ. ಬಾಳೆಯನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ, 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗುತ್ತದೆ. ಬಸಳೆ, ಹರಿವೆ ಬೆಳಗ್ಗೆ ಬಂದು ಸಂಜೆಯೊಳಗೆ ಹೋಗಬೇಕು, ಒದ್ದೆ ಗೋಣಿಯ ಮೇಲೆ ಬುಡ ಕೆಳಗೆ ಮಾಡಿ ನಿಲ್ಲಿಸಿ.

ಊರಿನ ಪೂರೈಕೆಗೆ ಒಂದು ಹಂಗಾಮು ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗದ್ದೆ ತರಕಾರಿ, ಮಳೆಗಾಲದಲ್ಲಿ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ. ಮಳೆ ಬಿಟ್ಟು ಹೊಸ ಬಿತ್ತನೆ ಫಲ ಕೊಡುವವರೆಗೆ, ಅಕ್ಟೋಬರ್–ನವೆಂಬರ್‌ನಲ್ಲಿ, ಏನೂ ಸಾಲುವುದಿಲ್ಲ. ಆ ಹೊತ್ತಿಗೆ ಹೊರಗಿನ ತರಕಾರಿಯನ್ನು ಊರಿನದ್ದೆಂದು ಸೇರಿಸುವ ಆಸೆ ಬರುತ್ತದೆ, ಖಾಲಿ ಬುಟ್ಟಿಯೇ ಇರಲಿ.

ತೋಟದ ವಿಷಯದಲ್ಲಿ ಇನ್ನೊಂದು ಕೇಳಲೇಬೇಕು. ಕಂಗಿನ ತೋಟದ ನಡುವೆ ಬೆಳೆದ ತರಕಾರಿ, ಕಾಳುಮೆಣಸಾದರೆ ಬೋರ್ಡೋ ದ್ರಾವಣ ಯಾವಾಗ, ಎಷ್ಟು ಬಿಟ್ಟದ್ದು ಎಂದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣದ ದ್ರಾವಣ ಮಳೆಗೆ ಮೊದಲು ಕೊಳೆರೋಗಕ್ಕೆ ಬಿಡುವುದು ಇಲ್ಲಿ ರೂಢಿ. ತಾಮ್ರ ಸಾವಯವದಲ್ಲಿ ಪೂರ್ತಿ ನಿಷಿದ್ಧವಲ್ಲ, ಆದರೆ ಮಿತಿ ಉಂಟು, ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ಬೇಕು. ಪಕ್ಕದ ತೋಟದವರು ಬಿಡುವ ಔಷಧ ಗಾಳಿಗೆ ಬರದಂತೆ ನಡುವೆ ಅಂಚಿನ ಸಾಲು ಬಿಟ್ಟಿದ್ದಾರಾ ಎಂದೂ ನೋಡಿ.

ಪರೀಕ್ಷೆ ಮಾಡಿಸುವುದಾದರೆ ಮಾದರಿ ಸರಿಯಾಗಿ ಎತ್ತಬೇಕು. ಬೆಂಡೆ, ಮೆಣಸಿನಂಥ ಸಣ್ಣದು 1 ಕೆಜಿ, ನಡುವಿನ ಗಾತ್ರದ್ದು 1 ಕೆಜಿ ಹಾಗೂ ಕನಿಷ್ಠ 10 ಕಾಯಿ, 250 ಗ್ರಾಂಗಿಂತ ದೊಡ್ಡದಾದರೆ 2 ಕೆಜಿ ಹಾಗೂ ಕನಿಷ್ಠ 5 ಕಾಯಿ. ರಾಶಿಯ ಬೇರೆ ಬೇರೆ ಕಡೆಯಿಂದ ತೆಗೆಯಿರಿ, ತೊಳೆಯಬೇಡಿ. ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯ ವರ್ಷಗಳಿಂದ ತರಕಾರಿಯ ಕೀಟನಾಶಕ ಶೇಷ ಪರೀಕ್ಷಿಸುತ್ತಿದೆ. ದೂರವಾದರೆ ಎನ್‌ಎಬಿಎಲ್ ಮಾನ್ಯತೆಯ ಯಾವುದೇ ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿ ಓದುವಾಗ ‘ಮಿತಿಯೊಳಗೆ’ ಎಂಬ ಒಂದು ಮಾತಿಗೆ ಸಮಾಧಾನ ಪಡಬೇಡಿ. ಸಾವಯವಕ್ಕೆ ಮಿತಿ ಬೇರೆ: ಸಾಮಾನ್ಯ ಆಹಾರಕ್ಕಿರುವ ಶೇಷ ಮಿತಿಯ ಶೇ. 5 ಅಥವಾ ಯಂತ್ರ ಅಳೆಯಬಲ್ಲ ಕನಿಷ್ಠ ಪ್ರಮಾಣ, ಎರಡರಲ್ಲಿ ಯಾವುದು ಹೆಚ್ಚೋ ಅದು.

ಲೆಕ್ಕಪುಸ್ತಕ ಉತ್ತರಿಸಿದ್ದು:

ತರಕಾರಿಯ ಮಾತಿಗೆ ನನ್ನದೂ ಒಪ್ಪಿಗೆ. ಕಪಾಟಿಗೆ ಏನು ಇಡಬೇಕೆಂದರೆ ಇಪ್ಪತ್ತೈದು ಸರಕಿಗಿಂತ ಹೆಚ್ಚು ಬೇಡ. ಕುಚ್ಚಲಕ್ಕಿ, ತೊಗರಿ, ಹೆಸರು, ಉದ್ದು, ಕಡಲೆ, ರಾಗಿ, ಒಂದೆರಡು ಸಿರಿಧಾನ್ಯ, ಬೆಲ್ಲ, ಅರಸಿನ, ಮೆಣಸಿನಪುಡಿ, ಕಾಳುಮೆಣಸು, ತೆಂಗಿನೆಣ್ಣೆ, ಎಳ್ಳೆಣ್ಣೆ, ಚಹಾಪುಡಿ, ಜೇನು, ಪುನರ್ಪುಳಿ. ಬಿಸ್ಕತ್ತು, ನೂಡಲ್ಸ್, ಸಾಬೂನು ಎಂದು ವಿತರಕರು ಸೇರಿಸುವುದಕ್ಕೆ ಒಪ್ಪಬೇಡಿ, ಅವು ಕೂತೇ ಇರುತ್ತವೆ. ‘ಸಾವಯವ ಉಪ್ಪು’ ತಂದರೆ ಆ ವಿತರಕರ ಉಳಿದ ಕಾಗದವನ್ನೂ ಅನುಮಾನದಿಂದಲೇ ನೋಡಿ. ಉಪ್ಪು ಬೆಳೆಯಲ್ಲ, ಅದಕ್ಕೆ ಸಾವಯವ ಪ್ರಮಾಣಪತ್ರ ಬರುವುದಿಲ್ಲ.

ತೆರಿಗೆಯನ್ನೂ ದರದಲ್ಲಿ ಸೇರಿಸಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಇರುವ ಪೊಟ್ಟಣದ ಅಕ್ಕಿ, ಬೇಳೆ, ಬೆಲ್ಲಕ್ಕೆ ಶೇ. 5 ಜಿಎಸ್‌ಟಿ. ನಿಮ್ಮ ಬಿಡಿ ಅಕ್ಕಿಗೆ ಅದಿಲ್ಲ. ಬೆಲೆಯ ಅಂತರ ಗಿರಾಕಿಗೆ ಇನ್ನೂ ಸ್ವಲ್ಪ ದೊಡ್ಡದಾಗಿ ಕಾಣುವುದು ಇದರಿಂದ.

ವಿತರಕರ ಹತ್ತಿರ ಬರವಣಿಗೆಯಲ್ಲಿ ಪಡೆಯಬೇಕಾದ್ದು: ಅವಧಿ ಮುಗಿಯಲು 45 ದಿನ ಇರುವಾಗ ಉಳಿದ ಸರಕು ಹಿಂದೆ ತೆಗೆದುಕೊಳ್ಳಬೇಕು. ಹುಳ ಕಂಡ ಪೊಟ್ಟಣಕ್ಕೆ ಬದಲಿ ಕೊಡಬೇಕು. ಇಳಿಸುವ ದಿನ ಒಟ್ಟು ಬಾಳಿಕೆಯ ಮೂರನೇ ಎರಡು ಭಾಗವಾದರೂ ಬಾಕಿ ಇರಬೇಕು. ಇದಕ್ಕೆ ಒಪ್ಪದವರು ಇತರ ಅಂಗಡಿಯಲ್ಲಿ ಉಳಿದದ್ದನ್ನು ನಿಮಗೆ ದಾಟಿಸುವವರು. ಕಪಾಟಿನಲ್ಲಿ ಮೊದಲು ಬಂದದ್ದು ಮುಂದೆ ಎಂದಲ್ಲ, ಮೊದಲು ಅವಧಿ ಮುಗಿಯುವುದು ಮುಂದೆ.

ಮೂರು ತಿಂಗಳು ನೋಡಿ. ಪ್ರತಿ ಸರಕಿಗೂ ತಿಂಗಳ ಕೊನೆಗೆ ಮಾರಿದ್ದು, ಉಳಿದದ್ದು, ಹಾಳಾದದ್ದು ಬರೆದಿಡಿ. ಎರಡು ತಿಂಗಳು ಸೇರಿ ಒಂದು ತಿರುಗಾಟವೂ ಆಗದ್ದನ್ನು ತೆಗೆದುಹಾಕಿ, ಚೆನ್ನಾಗಿ ಹೋದದ್ದರ ಪ್ರಮಾಣ ಹೆಚ್ಚಿಸಿ, ಆ ಜಾಗಕ್ಕೆ ಹೊಸ ಸರಕು ತರಬೇಡಿ. ದಿನಕ್ಕೆ 2,500ರ ಮಾರಾಟ ಮೂರನೇ ತಿಂಗಳಲ್ಲೂ ಮುಟ್ಟದಿದ್ದರೆ ಕಪಾಟನ್ನು ಅರ್ಧ ಮಾಡಿ. ಮುಟ್ಟಿದರೆ ಮಾತ್ರ ಸಣ್ಣ ಅಂಗಡಿಗಳ ಬೇಡಿಕೆಯ ಪಟ್ಟಿ ತೆಗೆದು ಯಾವುದಕ್ಕೆ ಸರಕು ಕೊಡಬಹುದು ಎಂದು ನೋಡಿ.

ಶುರು ಮಾಡುವುದು ನವೆಂಬರ್‌ನಲ್ಲಿ ಇರಲಿ. ತೇವ ಇಳಿದಿರುತ್ತದೆ, ಹೊಸ ಅಕ್ಕಿ ಬರತೊಡಗುತ್ತದೆ, ಮೇ ತಿಂಗಳೊಳಗೆ ಯಾವ ಸರಕು ಎಷ್ಟು ವೇಗದಲ್ಲಿ ಹೋಗುತ್ತದೆಂದು ಕೈಗೆ ಅಂಕಿ ಸಿಕ್ಕಿರುತ್ತದೆ, ಮಳೆಗಾಲದ ಸರಕನ್ನು ಆ ಅಂಕಿಯ ಮೇಲೆಯೇ ತರಿಸಬಹುದು. ಸ್ಕೋಪ್ ಸರ್ಟಿಫಿಕೇಟಿನ ಪ್ರತಿ, ಹಿಂದೆ ಕೊಳ್ಳುವ ಒಪ್ಪಂದ, ಫ್ರೀಜರಿನ ವ್ಯವಸ್ಥೆ ಇಷ್ಟನ್ನು ಅಕ್ಟೋಬರ್ ಕೊನೆಯೊಳಗೆ ಮುಗಿಸಿಕೊಳ್ಳಿ.